ದೂಮಣ್ಣನನ್ನೂ ಬರೆ

ನನ್ನ ಅಕ್ಕ ಸೇಸಮ್ಮ ಜಗಳಕ್ಕೆ ನಿಂತರೆ ಮೂಡುಬಿದಿರೆಯ ಮೆಣಸಿನ ವ್ಯಾಪಾರಿಗಳೂ ತಕ್ಕಡಿ ಕೆಳಗಿಟ್ಟು ಕೈಮುಗಿಯುತ್ತಿದ್ದರು. ವಾರಕ್ಕೊಮ್ಮೆ ಬಸ್ಸಿನಲ್ಲಿ ಹೋಗಿ, ಮೂಟೆಯ ತಳಕ್ಕೆ ಕೈಹಾಕಿ, ಮೆಣಸು ತೆಗೆದು ಮೂಸಿ, ಹಳತೆಂದು ಕಂಡರೆ ವ್ಯಾಪಾರಿಯನ್ನು ಮಾತ್ರವಲ್ಲ, ಅವನ ಅಣ್ಣತಮ್ಮಂದಿರನ್ನೂ ಸೇರಿಸಿ ಬೈದು ಬರುವವಳು. ಒಬ್ಬನ ಮೇಲೆ ಸಿಟ್ಟು ಬಂದರೆ ಅವನ ಇಡೀ ಮನೆಗೆ ಶಾಪ ಹಾಕುವುದು ಅವಳ ಕ್ರಮ.

ಭಾವ ರುಕ್ಮಯ್ಯ ಇದಕ್ಕೆ ಪೂರ್ತಿ ಉಲ್ಟಾ. ಬೆಲ್ಲ ಕಪ್ಪಾಗಿದೆಯೆಂದು ಗಿರಾಕಿ ಹೇಳಿದರೆ "ಹೌದು ಮಾರಾಯ, ಕಪ್ಪೇ" ಎಂದು ಒಪ್ಪಿಕೊಳ್ಳುವ ಸಾಧು. ಸಿದ್ಧಕಟ್ಟೆಯಲ್ಲಿ ರಸ್ತೆ ಬದಿಯ ಅವರ ಜಿನಸಿನ ಅಂಗಡಿ ನಡೆದದ್ದು ಅಕ್ಕನ ಬಾಯಿಯ ಬಲದಿಂದಲೇ. ತಂಗಿ ದಮಯಂತಿ, ಎಂದರೆ ನಾನು, ಬಾಲವಾಡಿಯಲ್ಲಿ ಮಕ್ಕಳಿಗೆ ಹಾಡು ಕಲಿಸುತ್ತ ಅವರ ಜೊತೆಯಲ್ಲೇ ಇದ್ದೆ.

ಅಂಗಡಿ ಇದ್ದ ನೆಲವೂ ಅದರ ಹಿಂದಿನ ಎರಡು ಗದ್ದೆಯೂ ದೂಮಣ್ಣನ ಮನೆತನದ್ದು. ಗೇಣಿ ಕೊಟ್ಟುಕೊಂಡು ಭಾವನ ಅಮ್ಮನ ಕಾಲದಿಂದ ನಾವೇ ಮಾಡಿಕೊಂಡು ಬಂದದ್ದು. ಉಳುವವನಿಗೇ ಭೂಮಿ ಎಂಬ ಕಾನೂನು ಬಂದಾಗ ಭೂಮಿ ನಮ್ಮ ಹೆಸರಿಗಾಗಲೆಂದು ಭಾವ ಡಿಕ್ಲರೇಶನ್ ಕೊಟ್ಟರು. ಕೊಟ್ಟರು ಏನು, ಅಕ್ಕ ಕೊಡಿಸಿದಳು. ದೂಮಣ್ಣನಿಗೆ ಅದು ನುಂಗಲಾರದ ತುತ್ತಾಯಿತು. ಅವರದು ಅಳಿಯಕಟ್ಟಿನ ಮನೆ, ಸೋದರಮಾವನೇ ಯಜಮಾನ. ದೂಮಣ್ಣ ಹೂಂ ಅನ್ನದೆ ಆ ಮನೆಯಲ್ಲಿ ಒಲೆಗೆ ಕಟ್ಟಿಗೆಯೂ ಹೋಗುತ್ತಿರಲಿಲ್ಲ.

ಎಪ್ಪತ್ತೆಂಟನೇ ಇಸವಿಯ ಮಾರ್ಚ್ ತಿಂಗಳು, ಮಧ್ಯಾಹ್ನ ಮೂರು ಗಂಟೆ. ದೂಮಣ್ಣನ ತಂಗಿಯ ಮಗ ನಿತ್ಯಾನಂದ ಇಬ್ಬರು ಆಳುಗಳನ್ನು ಕಟ್ಟಿಕೊಂಡು ಅಂಗಡಿಗೆ ನುಗ್ಗಿದ. ಆಳುಗಳು ಸೋಡಾ ಬಾಟ್ಲಿ ಒಡೆದರು, ಅಕ್ಕಿಯ ಮೇಲೆ ಚಿಮಿಣಿ ಎಣ್ಣೆ ಸುರಿದರು. ಭಾವ ಅಡ್ಡ ಬಂದು ಕೈಮುಗಿದು ನಿಂತರು. ಹಂದಿ ಓಡಿಸಲೆಂದು ದೂಮಣ್ಣನ ಹೆಸರಿನಲ್ಲಿ ಲೈಸೆನ್ಸ್ ಇದ್ದ ಕೋವಿಯನ್ನು ನಿತ್ಯಾನಂದ ಎತ್ತಿದ. ಕೈಮುಗಿದವನ ಎದೆಗೆ ಗುಂಡು ಹೊಡೆದ, ಅವನ ಕೈ ಹುಳ ಬಿದ್ದು ಹೋಗ! ನಾನು ಬಾಲವಾಡಿಯಿಂದ ಓಡಿ ಬರುವಾಗ ಅಕ್ಕ ಭಾವನ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಉಸಿರು ಹೋಗಿತ್ತು. ಅವಳು ಅಳುತ್ತಿರಲಿಲ್ಲ.

ಬಂಟ್ವಾಳದ ಠಾಣೆಯಲ್ಲಿ ದೂರು ಬರೆದದ್ದು ನಾನು. ಅಕ್ಕನಿಗೆ ತುಳು ಬಿಟ್ಟು ಬೇರೆ ಬಾರದು. ಅವಳು ಹೇಳಿದಳು, ನಾನು ಕನ್ನಡದಲ್ಲಿ ಬರೆದೆ. ನಿತ್ಯಾನಂದ ಬಂದದ್ದು, ಆಳುಗಳು ಬಂದದ್ದು, ಗುಂಡು ಹಾರಿದ್ದು, ಎಲ್ಲ ಆಯಿತು. ಸಹಿಗೆಂದು ಕಾಗದ ಮುಂದಿಟ್ಟಾಗ ನನ್ನ ಕೈ ಹಿಡಿದಳು.

"ದೂಮಣ್ಣನನ್ನೂ ಬರೆ."

"ಅವರು ಬಂದಿದ್ದರಾ ಅಕ್ಕ?"

"ಅಳಿಯ ಒಳಗೆ ಹೋದರೆ ಆ ಮನೆಗೆ ಏನೂ ಆಗುವುದಿಲ್ಲ. ಯಜಮಾನ ಹೋಗಬೇಕು. ಕಳಿಸಿದ್ದು ಅವನೇ ಅಲ್ವಾ? ಬರೆ."

ಕಳಿಸಿದ್ದು ಅವನೇ. ಇವತ್ತಿಗೂ ನಾನು ಹಾಗೇ ಹೇಳುತ್ತೇನೆ, ಯಾರು ಬೇಕಾದರೂ ಬರಲಿ. ನಾನು ಬರೆದೆ. ಒಲ್ಲದ ಮನಸ್ಸಿನಿಂದ ಬರೆದೆ ಎಂದು ಈಗ ಹೇಳಿದರೆ ನನ್ನ ನಾಲಗೆ ಬಿದ್ದುಹೋಗಬೇಕು. ಖುಷಿಯಿಂದ ಬರೆದೆ. ದೂಮಣ್ಣ ಹಲಸಿನ ಮರದಡಿ ನಿಂತು "ಹೊಡಿ ಅವನಿಗೆ" ಎಂದು ಕೂಗಿದ, ಬಿಳಿ ಪಂಚೆ ಉಟ್ಟು ಹೆಗಲಿಗೆ ಕೆಂಪು ಬೈರಾಸು ಹಾಕಿದ್ದ ಎಂದು ಬರೆದೆ. ಪಂಚೆ, ಹೆಗಲಿನ ಆ ಟವೆಲು ಅಕ್ಕ ಹೇಳಿದ್ದಲ್ಲ. ನಾನೇ ಸೇರಿಸಿದ್ದು. ಓದಿದವರು ನಂಬಬೇಕಲ್ಲ!

ಗುಂಡು ಹಾರಿದ್ದನ್ನು ಅಕ್ಕನಲ್ಲದೆ ಕಣ್ಣಾರೆ ಕಂಡವನು ಇನ್ನೊಬ್ಬನಿದ್ದ. ಎದುರು ಸೈಕಲ್ ಅಂಗಡಿಯ ಅಬ್ದುಲ್ ನಾಸಿರ್. ಭಾವನಿಗೆ ಜೀವದ ಗೆಳೆಯ. ಹೆಣದ ಹತ್ತಿರ ಮಗುವಿನ ಹಾಗೆ ಅತ್ತವನು. ಪೊಲೀಸರ ಮುಂದೆ ಅವನು ನಿತ್ಯಾನಂದನ ಹೆಸರು ಹೇಳಿದ, ದೂಮಣ್ಣನನ್ನು ಕಾಣಲಿಲ್ಲ ಎಂದ. ಅಕ್ಕ ರಸ್ತೆಯ ನಡುವೆಯೇ ಅವನನ್ನು ತಡೆದಳು.

"ಹಲಸಿನ ಮರದಡಿ ನಿಂತಿದ್ದ. ನೀನೂ ಹೇಳು."

"ಕಂಡದ್ದನ್ನು ಎಲ್ಲಿ ಬೇಕಾದರೂ ಹೇಳ್ತೇನೆ ಸೇಸಕ್ಕ. ಪ್ರಾಣ ಹೋದರೂ ಹೇಳ್ತೇನೆ. ಕಾಣದ್ದನ್ನು ನನ್ನ ಹತ್ರ ಹೇಳಿಸ್ಬೇಡಿ."

"ದೂಮಣ್ಣ ಎಷ್ಟು ಕೊಟ್ಟ ನಿನಗೆ?"

ನಾಸಿರನ ಮುಖ ಕಪ್ಪಿಟ್ಟಿತು. ಅವನು ಅಂಗಡಿಯೊಳಗೆ ಹೋದ. ಅವತ್ತಿನಿಂದ ಎರಡು ಅಂಗಡಿಗಳ ನಡುವೆ ಮಾತಿಲ್ಲ. ನಾಸಿರನ ಮಾತು ಅಕ್ಕನ ಮಾತಿಗೆ ಅಡ್ಡ ಬರುತ್ತದೆಂದು ಸರಕಾರದ ವಕೀಲರು ಅವನನ್ನು ಸಾಕ್ಷಿ ಕಟ್ಟೆಗೆ ಕರೆಯಲೇ ಇಲ್ಲ. "ಒಳ್ಳೆಯದಾಯಿತು, ಬೆನ್ನಿಗೆ ಚೂರಿ ಹಾಕುವವ" ಎಂದಳು ಅಕ್ಕ.

ಮಂಗಳೂರಿನ ಸೆಷನ್ಸ್ ಕೋರ್ಟಿನಲ್ಲಿ ದೂಮಣ್ಣ ತೋರಿಸಿದ ಕಾಗದ ಒಂದೇ. ಆ ದಿನ ಅದೇ ಮೂರು ಗಂಟೆಗೆ ಅವನು ಬೆಳ್ತಂಗಡಿಯಲ್ಲಿ ಭೂನ್ಯಾಯ ಮಂಡಳಿಯ ಎದುರು ಕೂತಿದ್ದ. ಆ ತಾಲೂಕಿನಲ್ಲೂ ಅವನಿಗೆ ಭೂಮಿ ಇತ್ತು, ಅಲ್ಲಿಯೂ ಒಬ್ಬ ಬಡವನ ಹೊಟ್ಟೆಗೆ ಹೊಡೆಯಲು ಹೋಗಿದ್ದ. ಕೊಟ್ಟ ಹೇಳಿಕೆ, ಹಾಕಿದ ಸಹಿ, ಸಮಯ, ಎಲ್ಲ ಸರಕಾರದ ಪುಸ್ತಕದಲ್ಲಿ ಉಂಟು. ದೂಮಣ್ಣ ಬಿಡುಗಡೆಯಾದ. ಆದರೆ ನಿತ್ಯಾನಂದನಿಗೆ ಜೀವಾವಧಿ ಆಯಿತು, ಆಳುಗಳಿಗೂ ಶಿಕ್ಷೆಯಾಯಿತು. ನಾನು ಕುಣಿದಾಡಿದೆ. ಅಕ್ಕ ಉಗುಳಿ, "ಅರ್ಧವೇ ಆದದ್ದು" ಎಂದಳು. ಪೊಲೀಸರು ನಿತ್ಯಾನಂದನನ್ನು ವ್ಯಾನಿಗೆ ಹತ್ತಿಸುವವರೆಗೂ ಗೇಟಿನಲ್ಲಿ ನಿಂತು ನೋಡಿದಳು. "ಒಳಗೇ ಕೊಳೆ" ಎಂದು ಕೂಗಿದಳು.

ಆಮೇಲೆ ಮೂರು ವರ್ಷ ಅವಳು ಬದುಕಿದ್ದೇ ಆ ಒಂದು ಸುದ್ದಿಯ ಮೇಲೆ. ಬೆಳಗ್ಗೆ ಅಂಗಡಿಯ ಹಲಗೆ ತೆಗೆಯುವಾಗ "ಅವನಿಗೆ ಈಗ ಗಂಜಿ ಕೊಡ್ತಾರೇನೋ, ಹುಳ ಇದ್ದದ್ದು" ಎಂದು ನಗುವಳು. ಮಳೆ ಬಂದರೆ ಜೈಲಿನ ಮಾಡು ಸೋರಲಿ ಎನ್ನುವಳು. ನನಗೂ ಅದನ್ನು ಕೇಳಿದರೆ ಹೊಟ್ಟೆ ತಣ್ಣಗಾಗುತ್ತಿತ್ತು. ಬೆಂಗಳೂರಿನ ಹೈಕೋರ್ಟಿಗೆ ಅವನು ಅಪೀಲು ಹಾಕಿದ್ದು ನಮಗೆ ಗೊತ್ತಿತ್ತು. ಹಾಕಲಿ, ತಲೆ ಚಚ್ಚಿಕೊಳ್ಳಲಿ ಎಂದುಕೊಂಡೆವು.

ಎಂಬತ್ತೆರಡರಲ್ಲಿ ಬಂಟ್ವಾಳದ ವಕೀಲ ಶ್ರೀಕೃಷ್ಣ ಭಟ್ಟರು ಹೇಳಿಕಳಿಸಿದರು. ಹೋದೆವು. ಅವರು ಮೇಜಿನ ಮೇಲಿದ್ದ ತೀರ್ಪನ್ನು ನೋಡುತ್ತ, "ಬಿಟ್ಟರು" ಎಂದರು.

"ಯಾರನ್ನು?" ಎಂದಳು ಅಕ್ಕ.

"ನಿತ್ಯಾನಂದನನ್ನು. ಆಳುಗಳನ್ನೂ."

ಭಟ್ಟರು ಇಂಗ್ಲಿಷಿನಲ್ಲಿದ್ದುದನ್ನು ಕನ್ನಡದಲ್ಲಿ ಹೇಳಿದರು, ನಾನು ಅಕ್ಕನಿಗೆ ತುಳುವಿನಲ್ಲಿ ಹೇಳಿದೆ. ಗುಂಡು ಆ ಕೋವಿಯದ್ದೇ, ಅದರಲ್ಲಿ ಸಂಶಯವಿಲ್ಲ. ಹಾರಿಸಿದವರು ಯಾರೆಂದು ಹೇಳಿದ್ದು ಸತ್ತವನ ಹೆಂಡತಿ ಒಬ್ಬಳೇ. ಆ ಹೆಂಗಸು ಹತ್ತು ಹನ್ನೆರಡು ಮೈಲಿ ಆಚೆ ಕೂತಿದ್ದ ಮನುಷ್ಯನನ್ನು ಮರದಡಿ ಕಂಡೆ ಎನ್ನುತ್ತಾಳೆ. ಅವನ ಹೆಗಲಿನ ಬೈರಾಸಿನ ಬಣ್ಣವನ್ನೂ ಹೇಳುತ್ತಾಳೆ. ಇಂಥವಳ ಮಾತಿನಿಂದ ಇನ್ನೊಬ್ಬನನ್ನು ಜೈಲಿನಲ್ಲಿಡುವುದು ಹೇಗೆ? ಎದುರು ಅಂಗಡಿಯವನನ್ನು ಯಾಕೆ ವಿಚಾರಿಸಲಿಲ್ಲ?

ಬೈರಾಸಿನ ಮಾತನ್ನು ನಾನು ತುಳುವಿನಲ್ಲಿ ಹೇಳಲಿಲ್ಲ.

"ದೂಮಣ್ಣನ ಹೆಸರು ಹೇಳದಿದ್ದರೆ?" ಎಂದು ಅಕ್ಕ ಕೇಳಿದಳು. ಅದನ್ನು ನಾನು ಭಟ್ಟರಿಗೆ ಹೇಳಬೇಕಾಗಿ ಬರಲಿಲ್ಲ. ಅವರಿಗೂ ಮಾತಿಗಷ್ಟು ತುಳು ಬರುತ್ತದೆ, ತುಳುವಿನಲ್ಲೇ ಹೇಳಿದರು.

"ನಾಸಿರನೂ ನೀವೂ ಕಂಡದ್ದನ್ನಷ್ಟೇ ಹೇಳಿದ್ದರೆ ಅವನು ಇವತ್ತು ಒಳಗೇ ಇರ್ತಿದ್ದ, ಅಮ್ಮ."

ಅಕ್ಕ ಎದ್ದಳು. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದಳು. ಯಾರನ್ನಾದರೂ ಬೈಯಲಿ, ನನ್ನನ್ನಾದರೂ ಬೈಯಲಿ ಎಂದು ನಾನು ಇಡೀ ದಾರಿ ಕಾದೆ.

ನಾಲ್ಕು ದಿನದ ಮೇಲೆ ನಿತ್ಯಾನಂದ ಊರಿಗೆ ಬಂದ. ದೂಮಣ್ಣನ ಮನೆಯವರು ಪೇಟೆಯಲ್ಲೇ ಗರ್ನಾಲು ಪಟಾಕಿ ಹೊಡೆದರು. ಅದರ ಶಬ್ದಕ್ಕೆ ನಮ್ಮ ಅಂಗಡಿಯ ಹಂಚು ನಡುಗಿತು. ಅವನು ಜೀಪಿನಲ್ಲಿ ನಮ್ಮ ಎದುರೇ ಹಾದುಹೋದ, ಕೊರಳಲ್ಲಿ ಮಲ್ಲಿಗೆ ಹಾರ. ಅಕ್ಕನ ಕಡೆ ತಿರುಗಿ ಹಲ್ಲು ಕಿಸಿದ. ನನ್ನ ಕೈಯಲ್ಲಿ ಕಲ್ಲುಪ್ಪಿನ ಸೇರು ಇತ್ತು. ಅದನ್ನೇ ಎಸೆದೆ, ಜೀಪಿಗೆ ತಾಗಲಿಲ್ಲ.

ಅಕ್ಕ ಮೆಟ್ಟಿಲಿಳಿದು ರಸ್ತೆ ದಾಟಿದಳು. ನಾಸಿರ್ ಸೈಕಲ್ ಚಕ್ರ ಕೈಯಲ್ಲಿ ಹಿಡಿದೇ ಎದ್ದು ನಿಂತ.

"ಆ ದಿನ ನೀನು ಕಂಡದ್ದು ಹೇಳು ನಾಸಿರ್."

"ಈಗ ಎಂತಕ್ಕೆ ಸೇಸಕ್ಕ?"

"ಹೇಳು."

ಅವನು ಹೇಳಿದ. ಬಂದವರು ಮೂವರು. ರುಕ್ಮಯ್ಯಣ್ಣ ಕೈಮುಗಿದದ್ದು. ನಿತ್ಯಾನಂದ ಕೋವಿ ಎತ್ತಿದ್ದು.

"ದೂಮಣ್ಣ?"

"ಇರಲಿಲ್ಲ ಸೇಸಕ್ಕ."

"ಇರಲಿಲ್ಲ" ಎಂದಳು ಅಕ್ಕ. "ನೀನು ಹೇಳಿದ ಹಾಗೆಯೇ ಆದದ್ದು, ಒಂದಕ್ಷರ ಹೆಚ್ಚಿಲ್ಲ. ಬಾ, ಕೋರ್ಟಿಗೆ ಹೋಗುವ. ನಾನೂ ಹಾಗೇ ಹೇಳ್ತೇನೆ."

ನಾಸಿರ್ ನನ್ನ ಮುಖ ನೋಡಿದ. ನಾನು ಹತ್ತಿರ ಹೋಗಿ, "ಕೋರ್ಟು ಮುಗಿಯಿತಲ್ಲ ಅಕ್ಕ" ಎಂದೆ.

ಆಚೆ ಮತ್ತೊಂದು ಗರ್ನಾಲು ಸಿಡಿಯಿತು. "ಬಾ ನಾಸಿರ್, ಬಸ್ಸು ಬರುವ ಹೊತ್ತಾಯಿತು" ಎಂದು ಅವಳು ಅವನ ತೋಳು ಹಿಡಿದು ಎಳೆಯುತ್ತಲೇ ಇದ್ದಳು.