ಓಬಳಮ್ಮ ಮುಚ್ಚಿಟ್ಟ ಮಾತು

ಗುಬ್ಬಿಯ ಬುಟ್ಟಿ ಹೆಣೆಯುವವರ ಕೇರಿಯಲ್ಲಿ ಓಬಳಮ್ಮನ ಬಾಯಿಗೆ ಹೆದರದವರಿರಲಿಲ್ಲ. ಅಂಥ ಗಟ್ಟಿಗಿತ್ತಿಯೂ ಒಂದಕ್ಕೆ ಹೆದರುತ್ತಿದ್ದಳು, ತನ್ನ ಮನೆಮಾತಿಗೆ. ಅವಳು ಚಿಕ್ಕವಳಿದ್ದಾಗ ಎಲ್ಲಿ ಕಳವಾದರೂ ಪೊಲೀಸರು ಮೊದಲು ನುಗ್ಗುತ್ತಿದ್ದದ್ದು ಆ ಮಾತಾಡುವವರ ಗುಡಿಸಲಿಗೆ. ಅಪ್ಪ ಒದೆ ತಿಂದದ್ದನ್ನು ಕಣ್ಣಾರೆ ಕಂಡವಳು, ಮಗಳು ಸಿದ್ದಗಂಗಮ್ಮನಿಗೆ ಅದರ ಒಂದು ಸೊಲ್ಲನ್ನೂ ಕಲಿಸಲಿಲ್ಲ. ಮಗಳು ಅಪ್ಪಟ ಕನ್ನಡದವಳಾಗಿ ಬೆಳೆದು ಕುಣಿಗಲ್ಲಿಗೆ ಸೊಸೆಯಾಗಿ ಹೋದಳು.

ಅರವತ್ತೊಂದನೇ ಇಸವಿಯಲ್ಲಿ ತುಮಕೂರಿನ ಕಾಲೇಜು ಮೇಷ್ಟ್ರು ಯೋಗನರಸಿಂಹ ಆ ಭಾಷೆ ಬರೆದುಕೊಳ್ಳಲು ಬಂದರು. "ಬರ್ಕಂಡು ಪೊಲೀಸ್ರಿಗೆ ಕೊಡ್ತೀರಾ?" ಎಂದು ಓಬಳಮ್ಮ ಮೊರ ಬೀಸಿ ಅಟ್ಟಿದಳು. ಮೇಷ್ಟ್ರು ಬಿಡುವ ಆಸಾಮಿಯೇ? ವಾರವಾರವೂ ಬಂದು ಕೂತರು. ಕೊನೆಗೆ ಓಬಳಮ್ಮನೇ ಮೆತ್ತಗಾಗಿ, ಹುಟ್ಟಿದ ಕೂಸಿನ ಕಿವಿಯಲ್ಲಿ ಕರೆಯುವ ಸೊಲ್ಲನ್ನು ಹೇಳಿದಳು. ಅವರ ಮನೆಗಳಲ್ಲಿ ತಾಯಿಯೋ ಅಜ್ಜಿಯೋ ಹಾಗೆ ಕರೆದ ಮೇಲೇ ಕೂಸು ಕುಲಕ್ಕೆ ಸೇರುವುದು. ಇಲ್ಲದಿದ್ದರೆ ಅದು ಪರರ ಕೂಸು.

ಆ ಸೊಲ್ಲಿನಲ್ಲೊಂದು ಅಪರೂಪದ ಸ್ವರ. ನಾಲಿಗೆ 'ಉ' ಅನ್ನುವಾಗಿನಂತೆ ಹಿಂದಕ್ಕೆ ಸರಿಯಬೇಕು, ತುಟಿ ಮಾತ್ರ 'ಇ' ಅನ್ನುವಾಗಿನಂತೆ ಅಗಲವಾಗಬೇಕು. ಕನ್ನಡದಲ್ಲಿ ಅದಕ್ಕೆ ಅಕ್ಷರವೇ ಇಲ್ಲ. ಮೇಷ್ಟ್ರು ಇಂಗ್ಲಿಷಿನ ಐ ಬರೆದು ತಲೆಯ ಮೇಲೆ ಎರಡು ಚುಕ್ಕೆ ಇಟ್ಟರು.

"ಅಯ್ಯೋ, ಎಳ್ಳು ಉದುರ್ಸಿದಂಗೈತೆ!" ಎಂದು ಓಬಳಮ್ಮ ನಕ್ಕಳು.

ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದ ತಿಂಗಳೇ ಓಬಳಮ್ಮನಿಗೆ ಲಕ್ವ ಹೊಡೆಯಿತು. ಬಲಗೈ ಬಿತ್ತು, ನಾಲಿಗೆ ಹೊರಳದಾಯಿತು. ಕೇರಿಯಲ್ಲಿ ಆ ಭಾಷೆ ಬಲ್ಲವರು ಬೇರೆ ಯಾರೂ ಉಳಿದಿರಲಿಲ್ಲ. ಹೆಣ್ಣುಕೂಸು ಹುಟ್ಟಿತು. ಪಕ್ಕದಲ್ಲಿ ಮಲಗಿಸಿದರೆ ಮುದುಕಿ ಕರೆಯಲು ಬಾಯಿ ಆಡಿಸಿ, ಆಗದೆ, ಗೋಡೆಗೆ ಮುಖ ತಿರುಗಿಸಿ ಅಳುತ್ತಿದ್ದಳು. ಮಾಡಿದ್ದುಣ್ಣೋ ಮಹಾರಾಯ ಅಂತಾರಲ್ಲ, ಆದರೂ ಇಂಥ ಶಿಕ್ಷೆ ಯಾರಿಗೂ ಬೇಡ.

ಸುದ್ದಿ ತಿಳಿದ ಮೇಷ್ಟ್ರು ಬಸ್ಸು ಹತ್ತಿ ಬಂದು, ತಾವು ಬರೆದದ್ದನ್ನು ಸಿದ್ದಗಂಗಮ್ಮನಿಗೆ ಓದಿ ತೋರಿಸಿದರು. "ನಾನು ಕರೆದ್ರೆ ಆಗಲ್ಲಮ್ಮ, ನೀನೇ ಕರೀಬೇಕು."

ಸಿದ್ದಗಂಗಮ್ಮ ಹೇಳಿದಳು. ಓಬಳಮ್ಮ ಅಡ್ಡಡ್ಡ ತಲೆಯಾಡಿಸಿದಳು. ಮಗಳು ಮತ್ತೆ ಹೇಳಿದಳು; ಎಷ್ಟು ಹೇಳಿದರೂ ತುಟಿ ದುಂಡಗಾಗಿಬಿಡುತ್ತಿತ್ತು.

"ನನ್ ಕೈಲಾಗಕಿಲ್ಲ, ಬುಡಿ ಸಾಮಿ," ಎಂದು ಬಿಕ್ಕಿದಳು.

ಓಬಳಮ್ಮ ಎಡಗೈ ಚಾಚಿದಳು. ಬಿದಿರು ಸೀಳಿ ಸೀಳಿ ಜಡ್ಡುಗಟ್ಟಿದ ಬೆರಳುಗಳಿಂದ ಮಗಳ ತುಟಿಯನ್ನು ಅಗಲಿಸಿ ಹಿಡಿದಳು. ಆ ಕೈ ತುಟಿಯ ಮೇಲಿರುವಂತೆಯೇ ಸಿದ್ದಗಂಗಮ್ಮ, ಇಬ್ಬರ ನಡುವೆ ಮಲಗಿದ್ದ ಕೂಸಿನ ಕಿವಿಗೆ ಬಾಗಿ ಕರೆದಳು.

ಓಬಳಮ್ಮ ಮಗಳ ತುಟಿ ಬಿಟ್ಟು ಮೊಮ್ಮಗಳನ್ನು ಎದೆಗೆ ಎಳೆದುಕೊಂಡಳು.