ಎರಡು ಸಲ ಅರವತ್ತೈದು

ನನಗೆ ಎರಡು ಸಲ ಅರವತ್ತೈದು ವರ್ಷ ತುಂಬಿದೆ. ಮೊದಲನೆಯ ಸಲ ತುಂಬಿದ್ದು ನನಗೊಬ್ಬಳಿಗೇ ಗೊತ್ತಿತ್ತು. ಆ ದಿನ ಎಂದಿನಂತೆ ಗಂಡನ ಡಬ್ಬಿಗೆ ಚಿತ್ರಾನ್ನ ಹಾಕಿ ಆಫೀಸಿಗೆ ಕಳಿಸಿದೆ, ಬಟ್ಟೆ ಒಗೆದೆ, ಮಧ್ಯಾಹ್ನ ಒಂದು ನಿದ್ದೆ ತೆಗೆದೆ. ಎರಡನೆಯ ಸಲ ಅಮೆರಿಕದ ಸರ್ಕಾರವೇ ನೆನಪಿಟ್ಟುಕೊಂಡು ಅಂಚೆಯಲ್ಲಿ ಕಾರ್ಡು ಕಳಿಸಿತು. ಎರಡರ ನಡುವೆ ನಾಲ್ಕು ವರ್ಷದ ಅಂತರ.

ಆ ನಾಲ್ಕು ವರ್ಷವನ್ನು ನುಂಗಿ ಹಾಕಿದವರು ನಮ್ಮಪ್ಪ. ಇಪ್ಪತ್ತನಾಲ್ಕು ತುಂಬುತ್ತಾ ಬಂದರೂ ನನಗೆ ಗಂಡು ಕೂಡಿಬಂದಿರಲಿಲ್ಲ. ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿದ ಒಳ್ಳೆಯ ಹುಡುಗನೊಬ್ಬ ಸಿಕ್ಕಿದ, ಆದರೆ ಅವನು ನನಗಿಂತ ಒಂದು ವರ್ಷ ಚಿಕ್ಕವನು. ಅಪ್ಪ ಜೋಯಿಸರನ್ನು ಕರೆಸಿ ಹೊಸ ಜಾತಕ ಬರೆಸಿದರು. ಅದರ ಪ್ರಕಾರ ನನಗೆ ಇಪ್ಪತ್ತೂ ತುಂಬಿರಲಿಲ್ಲ. ಎರಡೂ ಜಾತಕಗಳು ಚೆನ್ನಾಗಿ ಕೂಡಿದವು. ನಾನು ಮಿಡ್ಲ್ ಸ್ಕೂಲಿಗೇ ಓದು ನಿಲ್ಲಿಸಿದ್ದವಳು, ಹುಟ್ಟಿದ ದಿನ ಬರೆದಿರುವ ಎಸ್ಸೆಸ್ಸೆಲ್ಸಿ ಕಾರ್ಡೊಂದು ಇದ್ದಿದ್ದರೆ ಬಣ್ಣ ಬಯಲಾಗುತ್ತಿತ್ತು. ಮುಂದೆ ಪಾಸ್‌ಪೋರ್ಟ್ ಮಾಡಿಸುವಾಗ ಅಪ್ಪ ಛಾಪಾ ಕಾಗದದ ಮೇಲೆ ಪ್ರಮಾಣಪತ್ರ ಮಾಡಿಸಿ ಅದೇ ಸುಳ್ಳನ್ನು ಗಟ್ಟಿ ಮಾಡಿದರು. ಪಾಸ್‌ಪೋರ್ಟಿನಿಂದ ಅದು ವೀಸಾಕ್ಕೆ ಬಂತು, ವೀಸಾದಿಂದ ಗ್ರೀನ್ ಕಾರ್ಡಿಗೆ, ಅಲ್ಲಿಂದ ಪೌರತ್ವದ ಪತ್ರಕ್ಕೆ.

ನಿಜವಾದ ಜಾತಕವನ್ನು ಸುಡಲು ಅಮ್ಮನಿಗೆ ಧೈರ್ಯ ಬರಲಿಲ್ಲ. ಹುಟ್ಟಿದ ಹನ್ನೊಂದನೆಯ ದಿನ ನನ್ನ ತಾತ ಕೈಯಾರೆ ಬರೆದದ್ದು, ಈಶ್ವರ ಸಂವತ್ಸರ ಎಂದು ಮೇಲೆಯೇ ಇದೆ. ಅಮೆರಿಕಕ್ಕೆ ಹೊರಟ ದಿನ ಅಮ್ಮ ಅದನ್ನು ನನ್ನ ಮದುವೆ ಸೀರೆಯ ಮಡಿಕೆಯಲ್ಲಿಟ್ಟು, "ಇದು ಅವರ ಕಣ್ಣಿಗೆ ಬಿತ್ತೋ, ನಿನ್ನ ಬಾಳು ಮುಗೀತು" ಅಂದಳು. ಅವಳು ಹಾಗೆ ಹೇಳದಿದ್ದರೂ ನನಗೆ ಗೊತ್ತಿತ್ತು. ನನ್ನ ಗಂಡನ ಸೋದರಸಂಬಂಧಿಯೊಬ್ಬ ತನಗಿಂತ ಎರಡು ವರ್ಷ ದೊಡ್ಡವಳನ್ನು ಮೆಚ್ಚಿ ಮದುವೆಯಾಗಿದ್ದ. ಅವನ ಮಾತು ಬಂದಾಗಲೆಲ್ಲ ನಮ್ಮವರು, "ಪುಣ್ಯವಂತ, ಅವನಿಗೆ ಮನೇಲಿ ಇಬ್ಬರು ತಾಯಂದಿರು" ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಹೀಗೆ ಇಟ್ಟುಕೊಂಡ ಗುಟ್ಟು ನಲವತ್ತು ವರ್ಷ ಯಾರಿಗೂ ಏನೂ ಮಾಡಲಿಲ್ಲ. ಸಿಯಾಟಲ್ ಹತ್ತಿರದ ಇಸ್ಸಾಕ್ವಾದಲ್ಲಿ ಗುಡ್ಡದ ಮೇಲೆ ಮನೆ ಕಟ್ಟಿಸಿದೆವು, ಮಗಳು ಓದಿ ಮದುವೆಯಾಗಿ ಟೆಕ್ಸಾಸಿಗೆ ಹೋದಳು. ಪ್ರತಿ ವರ್ಷ ಭೀಮನ ಅಮಾವಾಸ್ಯೆಯ ದಿನ ಗಂಡನ ಕಾಲು ತೊಳೆದು, ಹೂವಿಟ್ಟು ನಮಸ್ಕಾರ ಮಾಡುತ್ತಿದ್ದೆ. ಅವರು ಗಂಭೀರವಾಗಿ ತಲೆಯ ಮೇಲೆ ಅಕ್ಷತೆ ಹಾಕುತ್ತಿದ್ದರು. ಮೊದಲ ಕೆಲವು ವರ್ಷ ಬಗ್ಗುವಾಗ ಮೈಯೆಲ್ಲ ಮುಳ್ಳೇಳುತ್ತಿತ್ತು. ಆಮೇಲಾಮೇಲೆ ಏನೂ ಅನ್ನಿಸುತ್ತಿರಲಿಲ್ಲ.

ಅವರಿಗೆ ಅರವತ್ತೈದು ಹತ್ತಿರವಾದಾಗ ಕೆಲಸ ಬಿಡುವ ಮಾತು ಎತ್ತಿದರು. ಅದೇ ಕಡೆಯ ಬಾಥೆಲ್ ಊರಿನ ಕ್ಯಾನ್ಯನ್ ಪಾರ್ಕ್ ಎಂಬ ಕೈಗಾರಿಕಾ ಬಡಾವಣೆಯಲ್ಲಿ ಆಸ್ಪತ್ರೆಗಳಿಗೆ ಸ್ಕ್ಯಾನಿಂಗ್ ಯಂತ್ರ ಮಾಡುವ ಒಂದು ಕಂಪನಿಯಲ್ಲಿ ಅವರು ಇಂಜಿನಿಯರು. ದಿನವಿಡೀ ಪರದೆ ನೋಡುವ ಕೆಲಸ. ಕಣ್ಣಿನಲ್ಲಿ ಗ್ಲಾಕೋಮಾ ಶುರುವಾಗಿತ್ತು. ಸದ್ಯ ತೊಂದರೆಯಿಲ್ಲ, ಮೂರು ನಾಲ್ಕು ವರ್ಷದ ಮೇಲೆ ಹೇಳಲಾಗುವುದಿಲ್ಲ ಎಂದಿದ್ದರು ಡಾಕ್ಟರು. ನಮ್ಮವರಿಗಿದ್ದ ಆಸೆ ಒಂದೇ ಒಂದು. ನಮ್ಮ ಮನೆಯ ಕೆಳಗೇ ಹಾದುಹೋಗುವ ಐ-ತೊಂಬತ್ತು ಹೆದ್ದಾರಿ ಸಿಯಾಟಲ್‌ನಲ್ಲಿ ಹುಟ್ಟಿ ಬಾಸ್ಟನ್ನಿನಲ್ಲಿ ಮುಗಿಯುತ್ತದೆ. ಅದರ ಈ ತುದಿಯಿಂದ ಆ ತುದಿಗೆ ಎರಡು ತಿಂಗಳು ಹಿಡಿದು ಕಾರು ಓಡಿಸಬೇಕು, ಸಿಕ್ಕಿದ ಊರಲ್ಲೆಲ್ಲ ನಿಲ್ಲಬೇಕು. ನಾನು, "ಎರಡು ವಾರ ರಜ ಹಾಕಿ ಹೋಗಿಬರೋಣ" ಎಂದರೆ ರೇಗುತ್ತಿದ್ದರು. "ಓಡ್ಕೊಂಡ್ ಹೋಗೋದಾದ್ರೆ ಪ್ಲೇನಲ್ಲಿ ಹೋಗ್ಬೋದಲ್ಲೇ! ನೋಡ್ಕೊಂಡು ಹೋಗ್ಬೇಕು. ಕಣ್ಣಿರೋವಾಗ ನೋಡ್ಬೇಕು."

ರೇಗುವುದು ಅವರ ಸ್ವಭಾವ. ಸಾರಿಗೆ ಉಪ್ಪು ಹೆಚ್ಚಾದರೆ, ಕಾರಿನ ಬೀಗದಕೈ ಸಿಗದಿದ್ದರೆ, ಮುಂದಿನ ಕಾರು ಇಂಡಿಕೇಟರ್ ಹಾಕದಿದ್ದರೆ ಮನೆ ಹಾರಿಹೋಗುವ ಹಾಗೆ ಕೂಗಿ ಮರುಕ್ಷಣ ಮರೆತುಬಿಡುತ್ತಿದ್ದರು.

ಅರವತ್ತೈದು ತುಂಬಿದವರಿಗೆ ಸರ್ಕಾರ ಕೊಡುವ ಆರೋಗ್ಯ ವಿಮೆಯೇ ಮೆಡಿಕೇರ್. ಅದರ ಪುಸ್ತಕ ಮನೆಗೆ ಬಂದಿತ್ತು. ನಮ್ಮವರು ಅದನ್ನು ತೆರೆದೂ ನೋಡಲಿಲ್ಲ. ಮೂವತ್ತು ವರ್ಷ ಕಂಪನಿಯ ವಿಮೆಯಲ್ಲಿ ಗಂಡನ ಹಿಂದೆ ಹೆಂಡತಿ ಸೇರಿಯೇ ಇರುತ್ತಿದ್ದಳು, ಇದೂ ಹಾಗೆಯೇ ಅಂದುಕೊಂಡಿದ್ದರು. ಕೆಲಸ ಬಿಡುವ ತಿಂಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಹೆದ್ದಾರಿಯ ನಕ್ಷೆಯನ್ನು ಊಟದ ಮೇಜಿನ ಮೇಲೆ ಹರಡಿದ್ದರು.

ಮಗಳು ಫೋನಿನಲ್ಲಿ ಇಂಗ್ಲಿಷಿನಲ್ಲೇ ಗದರಿಸಿದ ಮೇಲೆ ಒಂದು ದಿನ ಹಿರಿಯರ ಕೇಂದ್ರಕ್ಕೆ ಹೋದೆವು. ಅಲ್ಲಿ ವಾರಕ್ಕೊಮ್ಮೆ ಒಬ್ಬ ಬಿಳಿಕೂದಲಿನ ಹೆಂಗಸು ಪುಕ್ಕಟೆಯಾಗಿ ಈ ವಿಮೆಯ ವಿಚಾರ ಬಿಡಿಸಿ ಹೇಳುತ್ತಿದ್ದಳು. ನಮ್ಮವರಿಗೆ ಎಲ್ಲ ಸಲೀಸಾಗಿತ್ತು. ಆಸ್ಪತ್ರೆಯ ಖರ್ಚಿಗೆ ಒಂದು ಭಾಗ, ಡಾಕ್ಟರ ಖರ್ಚಿಗೆ ಇನ್ನೊಂದು, ಅವೆರಡೂ ಬಿಟ್ಟದ್ದನ್ನು ತುಂಬಲು ಖಾಸಗಿಯವರ ಪೂರಕ ವಿಮೆ. ಅವಳು ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಟ್ಟಳು. ಆಮೇಲೆ ನನ್ನ ಕಡೆ ತಿರುಗಿ ನನ್ನ ವಯಸ್ಸು ಕೇಳಿದಳು.

"ಸಿಕ್ಸ್ಟಿ ಟೂ" ಎಂದು ನಮ್ಮವರೇ ಹೇಳಿದರು.

ಹಾಗಾದರೆ ನನಗೆ ಇನ್ನೂ ಮೂರು ವರ್ಷ ಮೆಡಿಕೇರ್ ಇಲ್ಲ ಎಂದಳು. ಅದು ಒಬ್ಬೊಬ್ಬರಿಗೆ ಬೇರೆ ಬೇರೆ, ಗಂಡನದು ಹೆಂಡತಿಗೆ ಬರುವುದಿಲ್ಲ. ಇವರು ಕೆಲಸ ಬಿಟ್ಟರೆ ಕಂಪನಿಯ ವಿಮೆ ನನಗೂ ಹೋಗುತ್ತದೆ. ಪೂರ್ತಿ ಕಂತನ್ನು ನಾವೇ ಕಟ್ಟಿ ಕೆಲವು ಕಾಲ ಮುಂದುವರಿಸಬಹುದು ಎಂದು ಅವಳು ಆ ಮೊತ್ತ ಹೇಳಿದಳು, ನಾವಿಬ್ಬರೂ ಮತ್ತೆ ಆ ಮಾತೆತ್ತಲಿಲ್ಲ. ಹೊರಗಡೆ ವಿಮೆ ಕೊಳ್ಳಬೇಕಾದರೆ ರೋಗಗಳ ಪಟ್ಟಿಗೆ ಉತ್ತರ ಬರೆಯಬೇಕು. ನನಗೆ ಸಕ್ಕರೆ ಕಾಯಿಲೆ ಇತ್ತು, ಹಿಂದಿನ ವರ್ಷವಷ್ಟೇ ಹೃದಯಕ್ಕೆ ಸ್ಟೆಂಟ್ ಹಾಕಿದ್ದರು. ಅಂಥವಳನ್ನು ಯಾವ ಕಂಪನಿ ತೆಗೆದುಕೊಳ್ಳುತ್ತದೆ? ಇರುವ ಸುಲಭದ ದಾರಿಯೆಂದರೆ ಇವರು ಇನ್ನೂ ಮೂರು ವರ್ಷ ಕೆಲಸ ಮಾಡುವುದು ಎಂದು ಅವಳು ಮೆಲ್ಲಗೆ ಹೇಳಿದಳು.

ಆ ಹೆಂಗಸು ಕಾಗದ ಜೋಡಿಸುತ್ತಾ, ಹೊರದೇಶದಿಂದ ಬಂದ ಎಷ್ಟೋ ಜನರ ಹುಟ್ಟಿದ ದಿನ ದಾಖಲೆಯಲ್ಲಿ ತಪ್ಪಾಗಿರುತ್ತದೆ, ಹುಟ್ಟಿದ ಹೊಸದರಲ್ಲೇ ಬರೆದಿಟ್ಟ ಹಳೆಯ ಧಾರ್ಮಿಕ ಪತ್ರವೇನಾದರೂ ಇದ್ದರೆ ಕಚೇರಿಯವರು ಪರಿಶೀಲಿಸುತ್ತಾರೆ, ಖಾತ್ರಿಯೇನಿಲ್ಲ, ಆದರೆ ಕೆಲವರಿಗೆ ಆಗಿದೆ ಎಂದಳು. ನನ್ನ ಕಡೆ ನೋಡಿಯೇ ಹೇಳಿದಳು.

ನಮ್ಮವರು ನಕ್ಕುಬಿಟ್ಟರು. ತಮ್ಮ ಅಣ್ಣನ ತಾರೀಖನ್ನು ಹೆಡ್‌ಮಾಸ್ತರು ತೋಚಿದ ಹಾಗೆ ಬರೆದಿದ್ದ ಕಥೆಯನ್ನು ಅವಳಿಗೆ ಇಂಗ್ಲಿಷಿನಲ್ಲಿ ಹೇಳಿ, ತನ್ನ ಹೆಂಡತಿಯದು ಮಾತ್ರ ಅಚ್ಚುಕಟ್ಟು, ಜಾತಕ ನೋಡಿಯೇ ಮದುವೆಯಾಗಿದ್ದು ಎಂದರು. ಅವಳಿಗೆ ಜಾತಕ ಎಂದರೇನೆಂದೂ ವಿವರಿಸಿದರು. ನಾನು ಅವಳ ಮೇಜಿನ ಮೇಲಿದ್ದ ಪೆಪ್ಪರ್‌ಮಿಂಟಿನ ಬಟ್ಟಲನ್ನು ನೋಡುತ್ತಾ ಕೂತಿದ್ದೆ. ಬಾಯಿ ತೆರೆದು ನಾಲ್ಕು ಮಾತು ಹೇಳಿದ್ದರೆ ಆಗುತ್ತಿತ್ತು. ಬರುವಾಗ ಒಂದು ಪೆಪ್ಪರ್‌ಮಿಂಟು ತೆಗೆದುಕೊಂಡೆ.

ಕಾರಿನಲ್ಲಿ ಅವರು, "ಹೋಗ್ಲಿ ಬಿಡು, ಮೂರು ವರ್ಷ ತಾನೆ. ನೀನೇನ್ ಬೇಕೂಂತ ತಡವಾಗಿ ಹುಟ್ಟಿದ್ಯಾ?" ಅಂದರು. ನಾನು ಕಿಟಕಿಯ ಕಡೆ ತಿರುಗಿದೆ. ಮನೆಗೆ ಬಂದು ನಕ್ಷೆಯನ್ನು ಮಡಿಸಿ ಒಳಗಿಟ್ಟರು, ನಾನು ಅನ್ನಕ್ಕೆ ಇಟ್ಟೆ.

ಅದಾಗಿ ಕೆಲವೇ ದಿನಕ್ಕೆ ಭೀಮನ ಅಮಾವಾಸ್ಯೆ ಬಂತು. ಕಾಲು ತೊಳೆದು ಬಗ್ಗಿದೆ. "ಮೂರು ವರ್ಷ ಜೀತಕ್ಕೆ ಹಾಕಿ ಮೇಲೆ ಪೂಜೆ ಬೇರೆ" ಎಂದು ಅಕ್ಷತೆ ಹಾಕಿ ಚುಡಾಯಿಸಿದರು. ಆಗ ಹೇಳಬಹುದಿತ್ತು. ಸೀರೆಯ ಪೆಟ್ಟಿಗೆ ಪಕ್ಕದ ಕೋಣೆಯಲ್ಲೇ ಇತ್ತು. ಪೌರತ್ವದ ಪತ್ರಕ್ಕೆ ಸುಳ್ಳು ತಾರೀಖು ಕೊಟ್ಟಿದ್ದೇನೆ, ಸರ್ಕಾರ ಸುಮ್ಮನಿರುತ್ತದೆಯೇ ಎಂದು ನನಗೆ ನಾನೇ ಒಂದು ನೆಪ ಹೇಳಿಕೊಂಡೆ. ಅದು ನೆಪವೆಂದು ನನಗೇ ಗೊತ್ತಿತ್ತು. ಸರ್ಕಾರದ ಭಯ ನನಗೆ ಅಷ್ಟಾಗಿ ಇರಲಿಲ್ಲ.

ಆ ಮೂರು ವರ್ಷದ ಬಗ್ಗೆ ಬರೆಯಲು ಹೆಚ್ಚೇನಿಲ್ಲ. ಬೆಳಿಗ್ಗೆ ಆರೂವರೆಗೆ ಅವರು ಹೊರಡುತ್ತಿದ್ದರು, ಸಂಜೆ ಟ್ರಾಫಿಕ್ಕಿನಲ್ಲಿ ತೆವಳಿಕೊಂಡು ಬರುತ್ತಿದ್ದರು. ಸಿಕ್ಕ ರಜೆಯೆಲ್ಲ ನನ್ನ ಎರಡನೆಯ ಸ್ಟೆಂಟಿಗೂ ಅವರ ಕಣ್ಣಿನ ಶಸ್ತ್ರಚಿಕಿತ್ಸೆಗೂ ಹೋಯಿತು. ಎರಡನೆಯ ವರ್ಷ ಸಂಜೆ ಕತ್ತಲಾದ ಮೇಲೆ ಓಡಿಸುವುದನ್ನು ಬಿಟ್ಟರು. ಮೂರನೆಯ ವರ್ಷ ಪಕ್ಕದಿಂದ ಬಂದ ಕಾರು ತಡವಾಗಿ ಕಂಡು, ತಪ್ಪಿಸಲು ಹೋಗಿ ಒಂದು ಕಂಬಕ್ಕೆ ಸವರಿಕೊಂಡು ಬಂದರು, ನನಗೆ ಓಡಿಸಲು ಬಾರದು, ಆಮೇಲೆ ಸಹೋದ್ಯೋಗಿಯೊಬ್ಬರ ಕಾರಿನಲ್ಲಿ ಹೋಗಿ, ಪರದೆಯ ಅಕ್ಷರ ದೊಡ್ಡದು ಮಾಡಿಕೊಂಡು ಕೆಲಸ ಮಾಡಿ ಬರುತ್ತಿದ್ದರು. ಲೈಸೆನ್ಸಿನ ಕಚೇರಿಯಲ್ಲಿ ಕಣ್ಣಿನ ಪರೀಕ್ಷೆ ಮಾಡಿ ಕಾರ್ಡು ವಾಪಸು ತೆಗೆದುಕೊಂಡ ದಿನ ಮನೆಗೆ ಬಂದು ಅವರು ರೇಗಲಿಲ್ಲ, ಎರಡು ಲೋಟ ಮಜ್ಜಿಗೆ ಕುಡಿದು ಮಲಗಿದರು. ನಾನು ಪಕ್ಕದಲ್ಲಿ ಕೂತು ಕೊತ್ತಂಬರಿ ಸೊಪ್ಪು ಬಿಡಿಸಿದೆ. ಅಳು ಬರಬೇಕಿತ್ತು ಅನ್ನಿಸಿತು, ಬರಲಿಲ್ಲ.

ನನ್ನ ಮೆಡಿಕೇರ್ ಕಾರ್ಡು ಬಂತು. ಅವರು ಕೆಲಸ ಬಿಡುವ ಕಾಗದಕ್ಕೆ ಸಹಿ ಹಾಕಿದರು. ಒಂದು ಶನಿವಾರ ಬೆಳಿಗ್ಗೆ ತಿಂಡಿ ಮುಗಿಸಿ, ಇಬ್ಬರಿಗೂ ಪೂರಕ ವಿಮೆ ಆರಿಸಲು ಊಟದ ಮೇಜಿನ ಹತ್ತಿರ ಕೂತೆವು. ಸಣ್ಣ ಅಕ್ಷರ ಅವರಿಗೆ ಕಾಣುತ್ತಿರಲಿಲ್ಲ, ನಾನು ಒಂದೊಂದಾಗಿ ಓದಿ ಹೇಳಬೇಕಿತ್ತು. ಎಫ್ ಎಂಬ ಪ್ಲಾನಿಗೆ ಕಂತು ಇಷ್ಟು, ಕೆ ಎಂಬುದಕ್ಕೆ ಇಷ್ಟು, ಔಷಧಿಗೆ ಆಗಷ್ಟೇ ಹೊಸದಾಗಿ ಬಂದಿದ್ದ ಡಿ ಭಾಗಕ್ಕೆ ಬೇರೆ ಕಂಪನಿಗಳ ದೊಡ್ಡ ಪಟ್ಟಿ. ಅವರು ಕಣ್ಣು ಮುಚ್ಚಿ ಕೇಳಿಸಿಕೊಳ್ಳುತ್ತಿದ್ದರು.

"ಎಲ್ಲಾ ಡಾಕ್ಟರ ಹತ್ರಾನೂ ಹೋಗೋ ಹಾಗಿರೋದನ್ನೇ ತಗೊಳೇ. ನಿನ್ನ ಹಾರ್ಟ್ ಡಾಕ್ಟರನ್ನ ಬಿಡೋದ್ ಬೇಡ," ಅಂದರು. "ಕಂತು ಜಾಸ್ತಿ ಆದ್ರೆ ಆಗ್ಲಿ."

ಎಫ್ ಎಂದು ತೀರ್ಮಾನವಾಯಿತು. ನಾನು ಅರ್ಜಿ ತುಂಬಲು ಶುರು ಮಾಡಿದೆ. ಹೆಸರು, ವಿಳಾಸ, ಹುಟ್ಟಿದ ದಿನ. ಆ ಚೌಕದಲ್ಲಿ ಪೆನ್ನು ಇಟ್ಟಾಗ ನನಗೆ ದುಃಖವಾಗಲೀ ಭಯವಾಗಲೀ ಆಗಲಿಲ್ಲ. ಬರೀ ಸಾಕಾಗಿತ್ತು.

"ರೀ, ಈ ತಾರೀಖು ಸುಳ್ಳು" ಅಂದೆ.

"ಯಾವ್ದು?"

"ನಾನು ಹುಟ್ಟಿದ್ದು. ಅಪ್ಪ ಮದ್ವೆಗೋಸ್ಕರ ನಾಲ್ಕು ವರ್ಷ ಕಮ್ಮಿ ಮಾಡಿಸಿದ್ರು. ನಾನು ನಿಮಗಿಂತ ಒಂದು ವರ್ಷ ದೊಡ್ಡೋಳು."

ಅವರು ಕಣ್ಣು ತೆರೆದು ನನ್ನ ಮುಖವಿರುವ ಕಡೆ ನೋಡಿದರು. ಬೆರಳು ಮಡಿಸಿ ಲೆಕ್ಕ ಹಾಕಿದರು. "ಅಂದ್ರೆ, ನಂಗೆ ಅರವತ್ತೈದಾದಾಗ ನಿಂಗೆ..."

"ಅರವತ್ತಾರು."

"ನಿಜವಾದ ಜಾತಕ ಇದ್ಯಾ?"

"ಇದೆ. ತಾತ ಬರೆದಿದ್ದು. ಮದ್ವೆ ಸೀರೆ ಒಳಗಿದೆ."

"ಅವತ್ತು ಆ ಹೆಂಗಸು ಹಳೇ ಪೇಪರ್ ಏನಾದ್ರೂ ಇದ್ಯಾ ಅಂದಾಗ್ಲೂ ಇತ್ತಾ?"

"ಇತ್ತು."

ಅವರು ಕೂಗಲಿ ಎಂದು ಕಾದೆ. ಮೇಜು ಗುದ್ದುತ್ತಾರೆ, ಕಣ್ಣಿನ ಮಾತೆತ್ತುತ್ತಾರೆ, ಹೆದ್ದಾರಿಯ ಮಾತೆತ್ತುತ್ತಾರೆ, ಸತ್ತ ನಮ್ಮಪ್ಪನಿಗೆ ಬೈಯುತ್ತಾರೆ ಅಂದುಕೊಂಡೆ. ಇಬ್ಬರು ತಾಯಂದಿರ ಹಾಸ್ಯವನ್ನು ತಮ್ಮ ಮೇಲೇ ಹಾಕಿಕೊಂಡು ನಗುತ್ತಾರೇನೋ ಎಂದೂ ಅನ್ನಿಸಿತು. ಯಾವುದೂ ಆಗಲಿಲ್ಲ.

"ಯಾಕೆ ಹೇಳ್ಲಿಲ್ಲ?" ಅಂದರು. "ನನ್ನ ಕಂಡ್ರೆ ಹೆದ್ರಿಕೇನಾ?"

ಹೂಂ ಅಂದೆ.

"ಇಷ್ಟೂ ವರ್ಷ?"

ಅದಕ್ಕೂ ಹೂಂ ಅಂದೆ.

ಅವರು ಮೇಜಿನ ಮೇಲೆ ಕೈಯಾಡಿಸಿ ಅರ್ಜಿಯನ್ನು ಹುಡುಕಿ ನನ್ನ ಕಡೆ ಸರಿಸಿದರು. "ಸರ್ಕಾರದ ಪೇಪರಲ್ಲಿರೋ ತಾರೀಖೇ ಬರಿ. ಈಗ ಅದನ್ನ ಕೆದಕೋದ್ ಬೇಡ" ಎಂದು ಎದ್ದು ಹಿತ್ತಲಿಗೆ ಹೋದರು. ನಾನು ಬರೆದು ಮುಗಿಸಿ, ಲಕೋಟೆಗೆ ಅಂಟು ಹಚ್ಚಿದೆ.

ಈಗ ವಿಮೆ ಚೆನ್ನಾಗಿಯೇ ನಡೆಯುತ್ತಿದೆ. ನನ್ನ ಹೃದಯದ ಡಾಕ್ಟರೂ ಬದಲಾಗಿಲ್ಲ, ಇವರ ಕಣ್ಣಿನ ಡಾಕ್ಟರೂ ಬದಲಾಗಿಲ್ಲ. ಆ ಶನಿವಾರದ ನಂತರ ನಮ್ಮವರು ನನ್ನ ಮೇಲೆ ಒಂದು ಸಲವೂ ರೇಗಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೂ ಸುಮ್ಮನೆ ಉಣ್ಣುತ್ತಾರೆ. ಏನಾದರೂ ಬೇಕಿದ್ದರೆ, ಕೇಳುವ ಮೊದಲು ಒಂದು ಗಳಿಗೆ ತಡೆದು, ದನಿ ತಗ್ಗಿಸಿಕೊಂಡು, ಆಮೇಲೆ ಕೇಳುತ್ತಾರೆ. ನಾನು ಹೆದರಬಾರದೆಂದು.