ಬೆರಳಿಟ್ಟು ಓದುವವಳು

ನಾನು ಬೆರಳಿಟ್ಟು ಓದುವವಳು. ಜಾವಳಿ ಶಾಲೆಯಲ್ಲಿ ಮೂರನೇ ಕ್ಲಾಸು ಮುಗಿಸಿದಾಗ ಆ ಬೆರಳು ಎಲ್ಲಿತ್ತೋ ಈಗಲೂ ಅಲ್ಲೇ ಇದೆ, ಅಕ್ಷರದ ಬುಡದಲ್ಲಿ. ತುಟಿಯೂ ಅಲ್ಲಾಡುತ್ತದೆ. ನಗುವವರು ನಗಲಿ. ಬಾಳೂರಿನ ಬಸ್ಸಿನಲ್ಲಿ ಬರುವ ವಾರಪತ್ರಿಕೆ ನನಗೆ ಸರಿಯಾಗಿ ಒಂದು ವಾರಕ್ಕಾಗುತ್ತದೆ. ಹೆಸರಿಟ್ಟವರು ತಿಳಿದೇ ಇಟ್ಟಿದ್ದಾರೆ.

ಓದು ಬೇಗ ಮುಗಿಯಬೇಕು ಎನ್ನುವವರನ್ನು ಕಂಡರೆ ನನಗೆ, ಡಿಕಾಕ್ಷನ್ ಇಳಿಯಲೆಂದು ಫಿಲ್ಟರಿನ ತಲೆಗೆ ಚಮಚದಲ್ಲಿ ಕುಟ್ಟುವವರ ನೆನಪಾಗುತ್ತದೆ. ಇಳಿಯುವುದಿಲ್ಲವೆಂದಲ್ಲ, ಇಳಿಯುತ್ತದೆ, ಬಣ್ಣದ ನೀರು. ಈಗ ಎಲ್ಲರಿಗೂ ಅವಸರ. ಕಳಸದ ಜೀಪಿನವನು ನಾನು ಒಂದು ಕಾಲು ಒಳಗಿಡುವಷ್ಟರಲ್ಲಿ ಹೊರಡುತ್ತಾನೆ. ಮುಂದಿನ ತಿರುವಿನಲ್ಲಿ ಜನ ತುಂಬಲೆಂದು ಅರ್ಧ ಗಂಟೆ ನಿಲ್ಲಿಸುತ್ತಾನೆ. ಇದರಲ್ಲಿ ಉಳಿದದ್ದೇನು, ನೀವೇ ಹೇಳಿ.

ನನ್ನ ಓದಿಗೆ ಒಂದು ಸಭೆಯೂ ಇತ್ತು. ಕೊಯ್ಲು ಮುಗಿದು ಕಾಫಿ ಒಣಗಿದ ಮೇಲೆ ನಮ್ಮ ಕಣದ ಪಕ್ಕದ ಶೆಡ್ಡಿನಲ್ಲಿ ಹೆಂಗಸರು ಮೊರ ಹಿಡಿದು ಕೂತು ಕಪ್ಪು ಬೀಜ, ಒಡಕು ಬೀಜ ಆರಿಸುತ್ತಿದ್ದರು. ಊಟವಾದ ಮೇಲೆ ನಾನು ಧಾರಾವಾಹಿ ಓದಿ ಹೇಳುತ್ತಿದ್ದೆ. ತೋಟ ಯಜಮಾನರ ಹೆಸರಿನಲ್ಲಿತ್ತು, ಮನೆ ಮಗನ ಹೆಸರಿನಲ್ಲಿತ್ತು. ಓದುವವಳ ಸ್ಟೂಲು ಮಾತ್ರ ಯಾರೂ ಬರೆದುಕೊಡದೆ ನನ್ನದಾಗಿತ್ತು.

ತೊಂಬತ್ತಾರೋ ಏಳೋ, ಆ ವರ್ಷ ಮೊಮ್ಮಗಳು ಸುಮ ಚಿಕ್ಕಮಗಳೂರಿನ ಕಾಲೇಜಿನಿಂದ ರಜಕ್ಕೆ ಬಂದಳು. ನಾನು ಒಂದು ಸಾಲು ಮುಗಿಸುವುದನ್ನು ನೋಡಿ ಅವಳಿಗೆ ತಡೆಯಲಾಗಲಿಲ್ಲ.

"ಕೊಡಿ ಅಜ್ಜಿ ಇಲ್ಲಿ. ನೀವು ಓದೋದ್ರೊಳಗೆ ಆ ಕತೆ ಹುಡುಗಿಗೆ ಮೊಮ್ಮಕ್ಕಳಾಗ್ತವೆ!"

ಹೆಂಗಸರೆಲ್ಲ ನಕ್ಕರು. ನಾನು ಸ್ಟೂಲು ಬಿಟ್ಟು ಮೊರ ಹಿಡಿದೆ. ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳು. ನನ್ನದೆಂದು ಇದ್ದದ್ದೇ ಅದೊಂದು.

ಸುಮ ಹಂಡೆ ಬಗ್ಗಿಸಿ ನೀರು ಸುರಿದ ಹಾಗೆ ಓದಿದಳು. ನಾವು ಒಂದೊಂದು ಮೊರ ಆರಿಸುವಷ್ಟರಲ್ಲಿ ಕಂತು ಮುಗಿದೇಹೋಯಿತು. ಬೀಜದ ರಾಶಿ ಹಾಗೇ ಇತ್ತು, ಸಂಜೆ ದೂರವಿತ್ತು.

"ಮುಗೀತಾ?" ಎಂದಳು ಲಚ್ಚಮ್ಮ, ಹೆಂಗಸರಲ್ಲೆಲ್ಲ ಬಾಯಿ ಜೋರಿನವಳು. "ಎಂತದೂ ತಲೆಗೆ ಹತ್ಲಿಲ್ಲ ಮಾರಾಯ್ತಿ. ಅಮ್ಮಾವ್ರೆ, ನೀವೇ ಇನ್ನೊಂದ್ಸಲ ಓದಿ."

ಸ್ವಲ್ಪ ಹೊತ್ತು ಬಿಂಕ ಮಾಡಿದೆ. ಆಮೇಲೆ ಶುರು ಮಾಡಿದೆ. ಸೊಸೆ ಬಡಿಸುವ ಭಾಗ. ಮಾವನಿಗೆ ಬಡಿಸಿದಳು. ಮೈದುನನಿಗೆ ಬಡಿಸಿದಳು. ಗಂಡನಿಗೆ ಎರಡು ಸಲ ಬಡಿಸಿದಳು. ಬೆರಳು ಪಾತ್ರೆ ತೊಳೆಯುವಲ್ಲಿಗೆ ಬಂದು ನಿಂತಿತು. ಹಿಂದಿನ ಸಾಲಿಗೆ ಹೋಗಿ ಮತ್ತೆ ಬಂತು.

"ಇವಳು ಉಂಡೇ ಇಲ್ವಲ್ರೇ," ಎಂದೆ.

ಮೊರಗಳು ನಿಂತವು.

"ಗಂಡ ಅನ್ನೋನು ಅಲ್ಲೇ ಕೂತಿದ್ನಲ್ಲ, ಕೇಳ್ಬಾರ್ದಾ?" ಎಂದಳು ಲಚ್ಚಮ್ಮ. "ಅವನ ಬಾಯಿಗೆ ಮಣ್ಣು ಹಾಕ!"

ಅಲ್ಲಿಂದ ಜಗಳ. ಅಡುಗೆಮನೆಯಲ್ಲಿ ತನ್ನ ಪಾಲು ಮುಚ್ಚಿಟ್ಟುಕೊಂಡಿದ್ದಾಳೆ ಎಂದೊಬ್ಬಳು, ನಾಳೆಯೇ ತವರಿಗೆ ಹೋಗಲಿ ಎಂದೊಬ್ಬಳು. ಬಾಯಿಯ ಜೊತೆ ಕೈಗಳೂ ಓಡಿದವು. ಸಂಜೆಗೆ ರಾಶಿ ಕರಗಿತು. ಕಂತು ಇನ್ನೂ ಅರ್ಧ ಉಳಿದಿತ್ತು.

ಸುಮ ಪತ್ರಿಕೆಯನ್ನು ತಿರುವಿ ತಿರುವಿ ನೋಡಿದಳು. "ಉಣ್ಲಿಲ್ಲ ಅಂತ ಎಲ್ಲೂ ಬರ್ದಿಲ್ವಲ್ಲ ಅಜ್ಜಿ?"

"ಉಂಡಿದ್ರೆ ಬರೀತಿದ್ರು."

ಮರುದಿನ ಅವಳೇ ಒಂದು ಮೊರ ತಂದು ಲಚ್ಚಮ್ಮನ ಪಕ್ಕ ಕೂತಳು. ಆ ಕಂತಿನ ಕೊನೆ ಅವಳಿಗೆ ಗೊತ್ತಿತ್ತು. ಆದರೂ ನಾನು ಒಂದು ವಾಕ್ಯದ ನಡುವೆ ಉಸಿರು ತೆಗೆದುಕೊಳ್ಳಲು ನಿಂತಾಗ "ಆಮೇಲೆ, ಅಜ್ಜಿ?" ಎಂದು ಮೊದಲು ಕೇಳಿದವಳು ಅವಳೇ.

ನಾನು ಕೇಳಿಸದವಳಂತೆ ಕನ್ನಡಕ ತೆಗೆದು, ಸೆರಗಿನಲ್ಲಿ ಚೆನ್ನಾಗಿ ಒರೆಸಿದೆ. ಗೆದ್ದವರಿಗೆ ಎಂಥ ಅವಸರ?